ಸೆಗಣಿ ವಾಸನೆಯ ಸಾರಜನಕ

ದ್ರವ ಸಾರಜನಕಕ್ಕೆ ವಾಸನೆಯಿಲ್ಲ. ಇದನ್ನು ನಾನು ಪ್ರತಿವರ್ಷ ಗದಗಿನ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಪರೀಕ್ಷೆಯಲ್ಲೂ ಹಾಗೇ ಬರೆಯಬೇಕೆಂದು ತಾಕೀತು ಮಾಡುತ್ತೇನೆ. ಆದರೆ ಮೊನ್ನೆ ಶನಿವಾರ ಕ್ಯಾನಿನ ಮುಚ್ಚಳ ತೆಗೆದಾಗ, ಬಿಳಿ ಹೊಗೆ ಮೇಜಿನ ಅಂಚಿನಿಂದ ಇಳಿದು ನನ್ನ ಸೀರೆಯ ನೆರಿಗೆ ಮುಟ್ಟಿದಾಗ, ಮೂಗಿಗೆ ಬಂದದ್ದು ಹಸಿ ಸೆಗಣಿಯ ವಾಸನೆ. ಪ್ರತಿಸಲವೂ ಹೀಗೇ. ಮೂಗು ಭೌತಶಾಸ್ತ್ರ ಓದಿಲ್ಲ, ಏನು ಮಾಡೋಣ ಹೇಳಿ.

ಇದಕ್ಕೆ ಕಾರಣ ಸೋಮಣ್ಣ ಮಾಮಾ, ನನ್ನ ಅವ್ವನ ತಮ್ಮ. ಲಕ್ಷ್ಮೇಶ್ವರದ ಕಡೆಯ ಒಂದು ಹಳ್ಳಿಯ ದನದ ದವಾಖಾನೆಯಲ್ಲಿ ಅವನು ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಇನ್ಸ್‌ಪೆಕ್ಟರ್ ಆಗಿದ್ದ.

ನಾನಾಗ ದೂರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ವಿಷಯ ಅತಿವಾಹಕಗಳು. ಕೆಲವು ವಸ್ತುಗಳನ್ನು ವಿಪರೀತ ತಂಪು ಮಾಡಿದರೆ ಅವುಗಳೊಳಗೆ ವಿದ್ಯುತ್ತು ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತದೆ. ಮೇಲಿಟ್ಟ ಆಯಸ್ಕಾಂತವನ್ನು ಅವು ನೂಕಿ ಗಾಳಿಯಲ್ಲಿ ನಿಲ್ಲಿಸುತ್ತವೆ. ಹೇಳಲು ಇಷ್ಟೇ. ಮಾಡುವುದೆಂದರೆ ಪುಡಿ ಅರೆಯುವುದು, ಗುಳಿಗೆ ಒತ್ತುವುದು, ಕುಲುಮೆಯಲ್ಲಿ ಸುಡುವುದು, ತಂಪು ಮಾಡಿ ಅಳೆಯುವುದು, ಬರದಿದ್ದರೆ ಮತ್ತೆ ಅರೆಯುವುದು. ರಜೆಗೆ ಬೆಟಗೇರಿಯ ಮನೆಗೆ ಬಂದರೆ ಅವ್ವ ಮಗ್ಗದಿಂದ ಕಣ್ಣು ತೆಗೆಯದೆ ಕೇಳುತ್ತಿದ್ದಳು.

"ಏನ್ ಮಾಡ್ತೀಯವಾ ಅಲ್ಲಿ?"

"ಅರೀತೇನಿ."

"ಅದಕ್ಕ ಅಷ್ಟು ದೂರ ಯಾಕ ಹೋಗಬೇಕು? ಮನ್ಯಾಗ ಒಳ್ಳು ಐತಲ್ಲ."

ಅವ್ವ ನೇಯ್ದ ಸೀರೆಯನ್ನು ಯಾರೋ ಉಡುತ್ತಾರೆ, ಹಾದಿಯಲ್ಲಿ ಕಂಡು "ಇದು ನಮ್ಮ ಕೈಯಿಂದು" ಎಂದು ಅವಳು ಹೇಳಬಹುದು. ಮೂರು ವರ್ಷ ಅರೆದ ನನ್ನ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಅದಕ್ಕೇ ಆ ಬೇಸಿಗೆಯಲ್ಲಿ ಒಂದು ಕರಿ ಗುಳಿಗೆಯನ್ನೂ ಅಂಗಿಯ ಗುಂಡಿಯಷ್ಟು ಆಯಸ್ಕಾಂತವನ್ನೂ ಕುಂಕುಮದ ಭರಣಿಯಲ್ಲಿಟ್ಟುಕೊಂಡು ಬಂದೆ. ಇನ್ನು ಬೇಕಾದದ್ದು ದ್ರವ ಸಾರಜನಕ. ಹೋರಿಯ ವೀರ್ಯ ತುಂಬಿದ ಕಡ್ಡಿಗಳನ್ನು ಕೆಡದಂತೆ ಇಡಲು ಅದು ಮಾಮಾನ ಕ್ಯಾನಿನಲ್ಲಿ ಸದಾ ಇರುತ್ತಿತ್ತು.

"ಕೊಡತೇನಿ," ಎಂದ ಮಾಮಾ. "ಖರೆ ಒಂದ್ ಮಾತು. ಆಕಳಿಗೆ ಮೊದಲು, ನಿನ್ನ ಗುಳಿಗಿಗೆ ಆಮ್ಯಾಲೆ."

ಅವ್ವ ಒಂದು ದಿನ ಮಗ್ಗ ನಿಲ್ಲಿಸಿ ನನ್ನ ಜೊತೆ ಬಸ್ಸು ಹತ್ತಿದಳು. ಅವಳು ಮಗ್ಗ ನಿಲ್ಲಿಸುವುದೆಂದರೆ ಸಣ್ಣ ಮಾತಲ್ಲ.

ದವಾಖಾನೆಯ ಕಟ್ಟೆಯ ಮೇಲೆ, ಮೇ ತಿಂಗಳ ಬಿಸಿಲಿನಲ್ಲಿ, ಪಕ್ಕದಲ್ಲೇ ದನಗಳು ಕಟ್ಟಿದ್ದ ಕಡೆ, ಸ್ಟೀಲಿನ ಬಟ್ಟಲಲ್ಲಿ ಗುಳಿಗೆಯಿಟ್ಟು ಸಾರಜನಕ ಸುರಿದೆ. ಬಟ್ಟಲು ಬಿಸಿಯಾಗಿತ್ತು. ಗುಳಿಗೆ ತಂಪಾಗುವ ಮೊದಲೇ ಎಲ್ಲ ಕುದಿದು ಹಾರಿಹೋಯಿತು. ಗಡಿಬಿಡಿಯಲ್ಲಿ ನಾನಿಟ್ಟ ಆಯಸ್ಕಾಂತ ಗುಳಿಗೆಯ ಮೇಲೆ ಟಕ್ಕೆಂದು ಕುಳಿತು ಅಲ್ಲೇ ಇದ್ದಿತು. ಅವ್ವ ಸ್ವಲ್ಪ ಹೊತ್ತು ನೋಡಿದಳು.

"ಚಲೋ ಐತವಾ," ಎಂದಳು. ಇಷ್ಟೇ ಎಂದು ತಿಳಿದಿದ್ದಳು, ಪಾಪ.

ಮಾಮಾ ಒಳಗಿನಿಂದ ಲಸಿಕೆ ಬರುವ ಥರ್ಮಾಕೋಲ್ ಡಬ್ಬಿ ತಂದ. "ನಿಮ್ಮ ಯೂನಿವರ್ಸಿಟ್ಯಾಗ ಇದನ್ನ ಹೇಳಂಗಿಲ್ಲೇನು?" ಎಂದು ಗುಳಿಗೆಯನ್ನು ಅದರೊಳಗಿಟ್ಟು ತಾನೇ ಸುರಿದ. ಕುದಿ ಅಡಗುವವರೆಗೆ ನನ್ನ ಕೈ ಹಿಡಿದು ತಡೆದ. ಆಮೇಲೆ ಇಟ್ಟ ಆಯಸ್ಕಾಂತ ಗುಳಿಗೆಯನ್ನು ಮುಟ್ಟಲೇ ಇಲ್ಲ. ಗಾಳಿಯಲ್ಲಿ ನಿಂತಿತು, ಬೆರಳಿನಿಂದ ತಟ್ಟಿದರೆ ಗಿರಗಿರ ತಿರುಗಿತು.

ಅವ್ವ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು, ಆಯಸ್ಕಾಂತದ ಕೆಳಗೆ ತೂರಿಸಿ ಆಚೆಯಿಂದ ಎಳೆದಳು. ಎಳೆ ಎಲ್ಲೂ ಸಿಕ್ಕಿಬೀಳಲಿಲ್ಲ. ಇನ್ನೊಮ್ಮೆ ಎಳೆದಳು.

"ಅರಿಯವಾ," ಎಂದಳು. "ಇನ್ನೂ ಅರಿ."

ನನ್ನ ಸಂಶೋಧನೆಗೆ ಅದಕ್ಕಿಂತ ದೊಡ್ಡ ಮಂಜೂರಾತಿ ಮುಂದೆ ಎಂದೂ ಸಿಗಲಿಲ್ಲ. ಸಿಕ್ಕ ಸಂತೋಷಕ್ಕೆ ನಾನು "ಮಾಮಾ, ಇನ್ನೊಂದ್ ಸಲ" ಎಂದೆ. ಆಮೇಲೆ ಮತ್ತೊಂದು ಸಲ. ಕೇಳಿದಷ್ಟೂ ಸಲ ಮಾಮಾ ಸುರಿದ.

ಅಷ್ಟರಲ್ಲಿ ಅಡರಕಟ್ಟಿಯ ಫಕೀರಪ್ಪ ಎಂಬ ರೈತ ಬೆದೆಗೆ ಬಂದ ಆಕಳನ್ನು ಹೊಡೆದುಕೊಂಡು ಬಂದ. ಮಾಮಾ ಕ್ಯಾನಿನೊಳಗೆ ಅಳತೆಯ ಕಡ್ಡಿ ಇಳಿಸಿ ತೆಗೆದ. ಹಿಮ ಹತ್ತಿದ್ದು ತುದಿಯಲ್ಲಿ ಎರಡು ಬೆರಳಷ್ಟು ಮಾತ್ರ, ಒಳಗೆ ಉಳಿದದ್ದೂ ಅಷ್ಟೇ. ಮಾಮಾನ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು. ಅವನು ಒಂದು ವೀರ್ಯದ ಕಡ್ಡಿ ತೆಗೆದು ತನ್ನ ಕೆಲಸ ಮುಗಿಸಿದ. ಫಕೀರಪ್ಪ ಮಾತ್ರ ಆರಾಮಾಗಿ ನನ್ನ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ.

"ಇದು ಎಷ್ಟೊತ್ತು ನಿಲ್ಲತೈತ್ರೀ ಅಕ್ಕಾರ?"

"ತಂಪು ಇರೂತನಕ."

"ತಂಪಿಲ್ದ ನಿಲ್ಲಂಗಿಲ್ಲೇನ್ರಿ?"

"ಅದನ್ನ ದೇಶದೇಶದಾಗ ಹುಡುಕಾಕತ್ತಾರ್ರಿ."

"ಸಿಕ್ಕರ ಖಬರ ಕೊಡ್ರಿ," ಎಂದು ಆಕಳ ಹಗ್ಗ ಹಿಡಿದು ಹೊರಟ. ಎಷ್ಟೋ ವಿಚಾರಗೋಷ್ಠಿಗಳಲ್ಲಿ ಕುಳಿತಿದ್ದೇನೆ, ಪ್ರಶ್ನೆ ಇಷ್ಟು ನೇರವಾಗಿ ಬಂದದ್ದು ಕಡಿಮೆ.

ಸಾರಜನಕದ ಗಾಡಿ ಬರುವುದು ಮುಂದಿನ ವಾರ. ಕ್ಯಾನಿನಲ್ಲಿದ್ದದ್ದು ಸಂಜೆಯವರೆಗೂ ಬಂದರೆ ಪುಣ್ಯ. ಮಾಮಾ ಬೈಕು ತೆಗೆದ. ದವಾಖಾನೆಯಲ್ಲಿದ್ದ ಇನ್ನೊಂದು ಸಣ್ಣ ಕ್ಯಾನನ್ನು ತೊಡೆಯ ಮೇಲೆ ತಬ್ಬಿಕೊಂಡು ನಾನು ಹಿಂದೆ ಕುಳಿತೆ. ಶಿರಹಟ್ಟಿ ದಾಟಿ ಗದಗಿಗೆ ಹೋಗಿ ತುಂಬಿಸಿಕೊಂಡು ಅದೇ ಬಿಸಿಲಲ್ಲಿ ತಿರುಗಿ ಬಂದೆವು. ಹಾದಿಯುದ್ದಕ್ಕೂ ಮಾಮಾ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಕ್ಯಾನು ಅಷ್ಟು ಭಾರವಾಗುತ್ತಿರಲಿಲ್ಲ.

ಮರುವರ್ಷ ಫೋನಿನಲ್ಲಿ ಮಾಮಾ, "ಫಕೀರಪ್ಪನ ಆಕಳ ಈದೈತಿ. ಹೆಣ್ಣು ಕರು," ಎಂದ. ನಾನು ಹಾಸ್ಟೆಲಿನ ಜಗಲಿಯಲ್ಲೇ ಕುಣಿದೆ. ಪಾಠ ಮಾಡಲು ಸೇರಿದಂದಿನಿಂದ ಪ್ರತಿವರ್ಷ ತರಗತಿಯಲ್ಲಿ ಈ ಕಥೆಯನ್ನು ಹೀಗೇ ಮುಗಿಸುತ್ತೇನೆ: ಒಂದೇ ಕ್ಯಾನು, ಎರಡು ಪ್ರಯೋಗ, ಎರಡೂ ಯಶಸ್ವಿ. ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಮೊನ್ನೆ ಶನಿವಾರ, ತಾವೇ ಅರೆದು ಮಾಡಿದ ಗುಳಿಗೆಗಳನ್ನು ಅಳೆಯುವ ಮುನ್ನವೂ ತಟ್ಟಿದರು.

ಮರುದಿನ ರವಿವಾರ ಮಲ್ಲಸಮುದ್ರಕ್ಕೆ ಹೋಗಿದ್ದೆ. ನಿವೃತ್ತನಾದ ಮೇಲೆ ಮಾಮಾ ಅಲ್ಲಿಯೇ ಇದ್ದಾನೆ. ಚಪ್ಪಾಳೆಯ ಸುದ್ದಿ ಹೇಳಿದೆ. ಅವನು ಚಹದ ಕಪ್ಪು ಕೆಳಗಿಟ್ಟ.

"ಆವತ್ತಿಂದು ನಿಲ್ಲಲಿಲ್ಲವಾ."

"ಏನು?"

"ಗಬ್ಬ. ಆಕಳ ಮತ್ತ ಬೆದಿಗಿ ಬಂತು. ಮತ್ತೊಂದು ಕಡ್ಡಿ ಹಾಕಿದೆ, ಆಗ ನಿಂತಿತು. ಆ ಕರು ಅದರದ್ದು."

ನಾನೂ ಕಪ್ಪು ಕೆಳಗಿಟ್ಟೆ. "ನನ್ನ ಸಲುವಾಗೇನ ಮಾಮಾ? ನಾನಽ ತಂಪೆಲ್ಲಾ ಖಾಲಿ ಮಾಡಿದ್ನಲ್ಲ."

ಮಾಮಾ ಕೆನ್ನೆ ಕೆರೆದುಕೊಂಡು ಪ್ರಾಮಾಣಿಕವಾಗಿ ವಿಚಾರ ಮಾಡಿದ. "ಗೊತ್ತಿಲ್ಲವಾ. ಆಗಿರಬಹುದು, ಆಗಿರಲಿಕ್ಕಿಲ್ಲ. ಕ್ಯಾನ್ ತುಂಬಿದ್ರೂ ಎಲ್ಲಾ ಸಲ ನಿಲ್ಲಂಗಿಲ್ಲ. ರಜಿಸ್ಟರಿನ್ಯಾಗ 'ನಿಲ್ಲಲಿಲ್ಲ' ಅಂತ ಬರದೆ, ಮುಂದಿನ ಕೆಲಸ ನೋಡಿದೆ."

"ನನಗ್ಯಾಕ ಹೇಳಲಿಲ್ಲ?"

"ಕರು ಅಂದಕೂಡ್ಲೆ ಕುಣಿಯಾಕ ಹತ್ತಿದಿ. ನೀ ಎಲ್ಲಿ ಕೇಳಿದಿ?"

ಸೋಮವಾರ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. ಕರು ಆ ದಿನದ್ದಲ್ಲ. ಆ ದಿನದ ಎರಡನೆಯ ಪ್ರಯೋಗ ಕೆಟ್ಟಿತು. ನನ್ನಿಂದ ಕೆಟ್ಟಿತೋ ಇಲ್ಲವೋ, ಗೊತ್ತಿಲ್ಲ. ಹುಡುಗರು ಚಪ್ಪಾಳೆ ತಟ್ಟುವುದು ಬಿಟ್ಟು ಹೊಟ್ಟೆ ಹಿಡಿದು ನಕ್ಕರು. ನಗಲಿ ಎಂದು ನಾನೂ ನಕ್ಕೆ.

ಎಲ್ಲರೂ ಹೋದ ಮೇಲೆ ಕುರ್ತಕೋಟಿಯಿಂದ ಬರುವ ಒಬ್ಬ ಹುಡುಗಿ ಹಿಂದೆಯೇ ಉಳಿದಳು. ಕೈಯಲ್ಲಿ ಪ್ರಯೋಗದ ಪುಸ್ತಕ.

"ಮೇಡಂ, ಶನಿವಾರ ನನ್ನ ಗುಳಿಗಿ ರೀಡಿಂಗ್ ಸರಿ ಬರಲೇ ಇಲ್ರಿ. ಬಾಜೂದಾಕಿಂದು ನೋಡಿ ಬರದೇನ್ರಿ." ಆ ಪುಟ ತೆರೆದು ಕೇಳಿದಳು, "ನಂದು ಹೆಂಗ ಬಂತೋ ಹಂಗ ಬರೀಲೇನ್ರಿ?"

"ಬರಿಯವಾ," ಎಂದೆ.

ಅವಳು ನಿಂತಲ್ಲೇ ಪುಟದ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ತನ್ನವೇ ಅಂಕಿಗಳನ್ನು ಬರೆದಳು. ನಾನು ಸಹಿ ಮಾಡಿದೆ. ಆಮೇಲೆ ಇಬ್ಬರೂ ಸೇರಿ ಅವಳ ಗುಳಿಗೆಯನ್ನು ಒಡೆದು ಮೊದಲಿನಿಂದ ಅರೆಯಲು ಕುಳಿತೆವು.