ಮಾಮಿಯ ಹುಳಿ, ನನ್ನ ಅಣಕ

ಚೆನ್ನೈನ ಕನ್ನಡ ಮನೆಗಳೊಳಗೆ ನಿಜಕ್ಕೂ ಎಂಥ ಕನ್ನಡ ಓಡಾಡುತ್ತದೆ? ನನ್ನ ಎಂ.ಎ. ಸಂಶೋಧನೆಯ ವಿಷಯ ಅದು. ಅಡುಗೆಮನೆ ಬಾಗಿಲಲ್ಲಿ ಕೂತು ಕಾಫಿ ಹೀರುತ್ತಾ ಕೇಳಿಸಿಕೊಳ್ಳುವುದೇ ವಿಧಾನ. ಕಾಫಿಗಾಗಿಯೇ ಈ ವಿಧಾನ ಹಿಡಿದೆ ಎನ್ನುತ್ತಾಳೆ ಅಕ್ಕ, ಪೂರ್ತಿ ಸುಳ್ಳೇನಲ್ಲ.

ಅಷ್ಟರಲ್ಲಿ ಲಾಕ್‌ಡೌನ್. ಬಾಗಿಲುಗಳೂ ಮುಚ್ಚಿದವು, ಕಾಫಿಯೂ ನಿಂತಿತು. "ಈ ತಿಂಗಳೊಳಗೆ ಮನೆಮಾತು ಸಿಗದಿದ್ದರೆ ವಿಷಯ ಬದಲಿಸು" ಎಂದರು ಗೈಡ್ ಮೇಡಂ. ಅಲ್ಲಿಗೆ ನನ್ನ ವರ್ಷ ನೀರುಪಾಲು.

ಹಿಂದೊಮ್ಮೆ ಕಾಫಿ ಕೊಟ್ಟಿದ್ದ ಪುರಸೈವಾಕ್ಕಂ ಮಾಮಿಗೆ ಫೋನ್ ಮಾಡಿದೆ. ರೇಡಿಯೊ ವಾರ್ತೆಯ ಗತ್ತಿನಲ್ಲಿ, "ನಾವು ಗೃಹದಲ್ಲಿ ಶುದ್ಧ ಕನ್ನಡವನ್ನೇ ಮಾತನಾಡುತ್ತೇವೆ" ಎಂದರು. ಮರುಕ್ಷಣವೇ ಮೊಮ್ಮಗಳಿಗೆ, "ಏಯ್, ತಣ್ಣಿ ಕ್ಯಾನ್ ವಂದಾಚಾ ನೋಡೇ!" ನೀರಿನ ಕ್ಯಾನ್ ಬಂತಾ ನೋಡು ಅನ್ನುವ ಈ ಅರ್ಧ ತಮಿಳಿನ ಕನ್ನಡವೇ ನನಗೆ ಬೇಕಾದದ್ದು. ಆದರೆ ನಾನು ಪ್ರಶ್ನೆ ಕೇಳಿದೊಡನೆ ಮತ್ತೆ ವಾರ್ತೆ ಶುರು.

ನನಗೆ ಬರುವ ವಿದ್ಯೆ ಒಂದೇ, ಅಣಕ. ಮಾಮಿಯ ದನಿಯಲ್ಲೇ, ಬೇಕಂತಲೇ ತಪ್ಪು ತುರುಕಿ, ವಾಟ್ಸಾಪಿನಲ್ಲಿ ಕಳಿಸಿದೆ: "ಸಾಂಬಾರ್ ಬಿಸಿ ಮಾಡ್ತೀನಿ, ಊಟಕ್ಕೆ ಬಾರೇ."

ಉತ್ತರವೂ ದನಿಯಲ್ಲೇ ಬಂತು. "ಅಯ್ಯೋ ಕೋತಿ! ನಾನು ಯಾವತ್ತು ಸಾಂಬಾರ್ ಅಂದೆನೋ? ಹುಳಿ! ಬಿಸಿ ಅಲ್ಲ, ಸೂಡು ಮಾಡ್ತೀನಿ. ನನ್ ದನಿ ಏನು ಹಾಗೆ ಮೂಗಿಂದ ಬರುತ್ತಾ?" ಹಿಂದಿನಿಂದ ಮೊಮ್ಮಗಳು, "ಪಾಟ್ಟಿ, ನೀ ಸಾಂಬಾರ್‌ನುದಾನ್ ಸೊಲ್ಲುವೆ!" ಎಂದು, ಅಜ್ಜಿ ಅನ್ನುವುದು ಸಾಂಬಾರ್ ಅಂತಲೇ ಎಂದು ತಮಿಳಿನಲ್ಲಿ ಅವರ ವಿರುದ್ಧವೇ ಸಾಕ್ಷಿ ನುಡಿದಳು.

"ಸುಮ್ನಿರೇ. ನಿಂಗೆ ಅರ್ಥ ಆಗ್ಲಿ ಅಂತ ಹಾಗಂತೀನಿ."

ತನಗೆ ಹುಳಿ, ಮೊಮ್ಮಗಳಿಗಾಗಿ ಸಾಂಬಾರ್: ಆ ಒಂದು ಮಾತಿನಲ್ಲಿ ನನ್ನ ಇಡೀ ಅಧ್ಯಾಯವಿತ್ತು. ಕೂಡಲೇ ಫೋನ್ ಮಾಡಿ, "ಮಾಮಿ, ಇದನ್ನ ಬರೀಲಾ?" ಎಂದೆ.

"ಜನ ನಗಲ್ವೇನೋ?"

"ನಗೋದಾದ್ರೆ ನನ್ನ ಮೂಗು ನೋಡಿ ನಗ್ಲಿ."

"ಸರಿ, ಬರಿ. ಹೆಸರು ಹಾಕ್ಬೇಡ. ಹುಳಿ ಅಂತ ಮೊದ್ಲು ಬರಿ, ಸಾಂಬಾರ್ ಆಮೇಲೆ."

ಉಳಿದ ಮನೆಗಳಿಗೂ ಅವರವರ ಅಣಕ ಹೋಯಿತು. ಬೈಗುಳದ ಜೊತೆ ಮನೆಮಾತೂ ಬಂತು. ಓದಿ ಮುಗಿಸಿದ ಮೇಡಂ ತಾವೂ ತಮಿಳು ಬೆರೆಸಿಯೇ ಕೇಳಿದರು: "ಎನ್ನಪ್ಪಾ, ಈ ವಿಧಾನಕ್ಕೆ ಹೆಸರೇನು?"

"ಕೆಣಕೋದು, ಮೇಡಂ."

"ವಿಷಯ ಇದೇ ಇರಲಿ. ಹೆಸರು ಮಾತ್ರ ಸ್ವಲ್ಪ ಮರ್ಯಾದಸ್ಥವಾಗಿ ಬದಲಿಸು."

ಬಾಗಿಲುಗಳು ತೆರೆದ ಮೇಲೆ ಪುರಸೈವಾಕ್ಕಂಗೆ ಹೋದೆ. ಮಾಮಿ ಲೋಟ ಕೈಗಿಟ್ಟು, ವಾರ್ತೆಯ ಸುಳಿವೇ ಇಲ್ಲದ ದನಿಯಲ್ಲಿ ಹೇಳಿದರು: "ಸೂಡಾಗಿದೆ ಕಣೋ ಕೋತಿ, ಮೆಲ್ಲ ಕುಡಿ."