ಉತ್ತರ ಬಾರದ ಮಾತು

ಮೊನ್ನೆ ಬನ್ನಂಜೆಯಲ್ಲಿ ನಾರುಬೇರು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಜ್ಯೇಷ್ಠಮಧುವಿನ ಪೊಟ್ಟಣ ಬಿಚ್ಚಿದ ಕೂಡಲೇ, ಅಂಬಲಪಾಡಿಯಲ್ಲಿ ನಮ್ಮ ನೆರೆಮನೆಯಲ್ಲಿದ್ದ ಮಾಸ್ಟ್ರು ನೆನಪಾದರು. ತಾಳಮದ್ದಳೆಗೆ ಹೊರಡುವ ಮೊದಲು ಗಂಟಲಿಗೆಂದು ಅದರ ಒಂದು ತುಂಡು ಬಾಯಿಗಿಡುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದೊಡನೆ ಕುಳಿತಲ್ಲೇ ಮಾತು ಕಟ್ಟಬೇಕು. ಅದರಲ್ಲಿ ಮಾಸ್ಟ್ರು ಎತ್ತಿದ ಕೈ. ಕಾಲೇಜಿನ ಹುಡುಗಿಯಾಗಿದ್ದ ನಾನು ಅವರ ಮಾತಿಗೆಂದೇ ಬಸ್ಸು ಹತ್ತುತ್ತಿದ್ದೆ.

ತೊಂಬತ್ತರ ದಶಕದ ಕೊನೆ. ಬೆಳ್ಮಣ್ಣಿನಲ್ಲಿ ಭಾನುವಾರ ಮಧ್ಯಾಹ್ನದ ಕೂಟ. ಮಾಸ್ಟ್ರು ದೂತ, ಎದುರು ರಾಜನಾಗಿ ಅವರ ಹಳೆಯ ಗೆಳೆಯ, ಅಲ್ಲಿಯ ಟೈಲರ್. ಟೈಲರ್ ಅವರ ಒಬ್ಬನೇ ಮಗ ಕಾಪುವಿನ ಕಡಲಲ್ಲಿ ಮುಳುಗಿ ಎಂಟು ತಿಂಗಳಾಗಿತ್ತು. ದುಃಖ ಮರೆಯಲಿ ಎಂದು ಅವರನ್ನು ಕೂಟಕ್ಕೆ ಎಳೆದು ತಂದವರೂ ಮಾಸ್ಟ್ರೇ. ವಾದ ಕಾವೇರಿತು.

"ಮಗನನ್ನೇ ಉಳಿಸಿಕೊಳ್ಳಲಾಗದವನು ರಾಜ್ಯವನ್ನು ಉಳಿಸಿಕೊಳ್ಳುತ್ತೀಯಾ?" ಎಂದುಬಿಟ್ಟರು ಮಾಸ್ಟ್ರು.

ಕಥೆಯ ರಾಜನೂ ಮಗನನ್ನು ಕಳೆದುಕೊಂಡವನೇ; ಪ್ರಸಂಗಕ್ಕೆ ಮಾತು ಸರಿಯಾಗಿಯೇ ಇತ್ತು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಟೈಲರ್ ಭಾಗವತರ ಕಡೆ ತಿರುಗಿದರು. ಭಾಗವತರು ಅವಸರದಲ್ಲಿ ಮುಂದಿನ ಪದ ಎತ್ತಿಕೊಂಡರು.

ಕೂಟದ ಮಾತು ಕೂಟದಲ್ಲೇ ಮುಗಿಯಿತು ಎನ್ನುವುದು ಹೀಗೆ ಮಾತು ಕಟ್ಟುವ ಅರ್ಥಧಾರಿಗಳ ರೂಢಿ. ಎದುರಾಳಿಯನ್ನು ಹಣ್ಣುಗಾಯಿ ನೀರುಗಾಯಿ ಮಾಡಿದವರು, ಎದ್ದ ಮೇಲೆ ಅವನ ಜೊತೆಗೇ ಚಾ ಕುಡಿಯುತ್ತಾರೆ; ಕ್ಷಮೆ ಕೇಳುವ ಪದ್ಧತಿಯಿಲ್ಲ. ಮಾಸ್ಟ್ರು ಆ ರೂಢಿಯನ್ನೇ ನಂಬಿ ಸುಮ್ಮನಾದರು. ವಾರ ಬಿಟ್ಟು ಗೆಳೆಯನ ಮನೆಗೆ ಹೋದಾಗ ಟೈಲರ್ ಚಾ ಕೊಟ್ಟು, ಮಳೆಯ ವಿಷಯ ಮಾತಾಡಿ, ಹೊರಡುವಾಗ ಇಷ್ಟೇ ಹೇಳಿದರಂತೆ:

"ಮಾತು ಒಳ್ಳೆದಿತ್ತು ಮಾರಾಯ. ನನ್ನ ಹತ್ರ ಉತ್ತರ ಇರ್ಲಿಲ್ಲ."

ಆಮೇಲೆ ಮಾಸ್ಟ್ರು ಯಾವ ಕೂಟದಲ್ಲೂ ಕೂರಲಿಲ್ಲ. ಹಾಲಿನವನ ಹತ್ತಿರವೂ ತೂಗಿ ಮಾತಾಡುವರು. ನಮ್ಮ ಮನೆಕೆಲಸಕ್ಕೆ ಬರುತ್ತಿದ್ದ ಗದಗ ಕಡೆಯ ಹೆಂಗಸಿಗೆ ನಾನು "ನಿಮ್ಮಂಥವರು" ಎಂದದ್ದು ಕೇಳಿ, ಆ ಶಬ್ದ ಬೇಡ, ಹೆಸರು ಹಿಡಿದು ಕರೆ ಎಂದು ತಿದ್ದಿದ್ದರು. ನನಗೆ ನಾಚಿಕೆಯಾಯಿತು. ಗೆಳೆಯನಿಗೆ ಕಾಗದ ಬರೆಯಲು ಕೂರುವರು, ಓದಿಕೊಳ್ಳುವರು, ಹರಿದು ಹಾಕುವರು. ಯಾವ ಶಬ್ದವೂ ಅವರಿಗೆ ಸಾಲುತ್ತಿರಲಿಲ್ಲ. ಹೀಗೇ ಆರೇಳು ವರ್ಷ...

ಮಣಿಪಾಲದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಬೆಳ್ಮಣ್ಣಿಗೆ ಸುದ್ದಿ ಮುಟ್ಟಿಸಿದವಳು ನಾನು. ಹರಿದ ಕಾಗದಗಳ ಸಂಗತಿಯನ್ನೂ ಹೇಳಿದೆ. ಟೈಲರ್ ಹೊಲಿಗೆ ನಿಲ್ಲಿಸಿದರು.

"ತಪ್ಪಾಯ್ತು ಅಂತ ಒಂದು ಕಾರ್ಡು ಹಾಕಿದ್ರೆ ಸಾಕಿತ್ತಲ್ವಾ," ಎಂದರು. "ನಾನು ಕಾಯ್ತಾ ಇದ್ದೆ."

ಈಗ ಅವರೂ ಇಲ್ಲ. ಮಾತಿನ ರುಚಿ ಹಿಡಿಸಿದ ಮಾಸ್ಟ್ರ ಮೇಲೆ ಇವತ್ತಿಗೂ ನನಗೆ ಪ್ರೀತಿಯಿದೆ. ಆ ಕಾರ್ಡು ಹಾಕದೆ ಹೋದರಲ್ಲ ಎಂಬ ಸಿಟ್ಟು ಮಾತ್ರ ಹೋಗಿಲ್ಲ.