ಬೆಳ್ಳಗೆ ಮಾಡುವ ಗುಂಡಿ

ನಮ್ಮ ರಾಣೆಬೆನ್ನೂರಿನ ಫ್ಲೆಕ್ಸುಗಳನ್ನು ನಂಬುವುದಾದರೆ ಈ ಊರಿನಲ್ಲಿ ಕಪ್ಪಗಿನವರೇ ಇಲ್ಲ. ಹುಟ್ಟುಹಬ್ಬದ ಧಣಿ, ಗೃಹಪ್ರವೇಶದ ದಂಪತಿ, ಶ್ರದ್ಧಾಂಜಲಿಯ ಅಜ್ಜ, ಎಲ್ಲರೂ ಹಾಲಿನ ಕೆನೆ ಬಳಿದುಕೊಂಡು ಕಂಬದ ಮೇಲಿಂದ ನಗುತ್ತಾರೆ. ಅರ್ಧ ಊರಿಗೆ ಹೀಗೆ ಕೆನೆ ಬಳಿದವಳು ಸುಧಾರಾಣಿ. ಅವಳ ಡಿಸೈನ್ ಅಂಗಡಿಗೂ ಸೀರೆಗೆ ಪಿಕೋ-ಫಾಲ್ ಹಾಕುವ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ಅವಳ ಕಂಪ್ಯೂಟರಿನಲ್ಲಿ ಒಂದು ಗುಂಡಿಯಿತ್ತು. ಒತ್ತಿದರೆ ಎಂಥ ಮುಖವೂ ಬೆಳ್ಳಗಾಗುತ್ತಿತ್ತು. ಗಿರಾಕಿ ಬಾಯಿ ತೆರೆಯುವ ಮೊದಲೇ ಒತ್ತಿಬಿಡುವಳು.

"ಕಡೀಕ ಮಂದಿ ಅದನ್ನ ಕೇಳ್ತಾರ ನೀಲಕ್ಕಾ. ಮೊದಲ ಮಾಡಿಟ್ರ ಕೆಲಸ ಲಗೂ ಮುಗೀತದ."

ಸುಧಾರಾಣಿಯೇ ಒಳ್ಳೆ ಕಪ್ಪು ಹುಡುಗಿ. ಹೆಣ್ಣು ನೋಡಲು ಬರುವವರಿಗೆ ಕಳಿಸಿದ ತನ್ನ ಫೋಟೋಕ್ಕೂ ಅದೇ ಗುಂಡಿ ಒತ್ತಿದ್ದಳು. ಗಂಡಿನ ಕಡೆಯವರು ಬಂದು, ಫೋಟೋ ನೋಡಿ, ಅವಳನ್ನು ನೋಡಿ, ಅವಲಕ್ಕಿ ತಿಂದು, "ತಿಳಸ್ತೀವ್ರಿ" ಎಂದು ಹೋದವರು ಇಂದಿಗೂ ತಿಳಿಸಿಲ್ಲ. ಇದನ್ನು ಅವಳೇ ನಗುತ್ತ ಹೇಳುತ್ತಾಳೆ. ನನಗೆ ಮಾತ್ರ ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಹೋದ ವರ್ಷ ಬ್ಯಾಡಗಿಯ ಪೈಲ್ವಾನ್ ಮಾಲತೇಶಪ್ಪ ಒಂದು ಫೋಟೋ ತಂದುಕೊಟ್ಟರು. ಅವರ ಗರಡಿಯ ರೋಹಿಣಿ ರಾಜ್ಯಮಟ್ಟದ ಕುಸ್ತಿಯಲ್ಲಿ ಚಿನ್ನ ಗೆದ್ದಿದ್ದಳು, ಭಾನುವಾರ ಸನ್ಮಾನ. ರೋಹಿಣಿ ಸಿದ್ದಿಯರ ಹುಡುಗಿ. ಅವಳ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರಂತೆ. ಅವಳು ಹುಟ್ಟಿದ್ದು ಯಲ್ಲಾಪುರದ ಕಡೆ, ಬೆಳೆದದ್ದು ಬ್ಯಾಡಗಿಯಲ್ಲಿ. ತಾಯಿ ಗಣಪಿ ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಆದರೂ ಬಸ್ಸಿನಲ್ಲಿ ಕುಳಿತರೆ ಸಾಕು, "ಯಾವ ದೇಶದಾಕಿ ನೀ? ಕನ್ನಡ ಬರ್ತದೇನು?" ಎಂದು ಯಾರಾದರೂ ಕೇಳಿಯೇ ಕೇಳುವರು. ಅಖಾಡದಲ್ಲಿ ಅವಳ ಗುಂಗುರು ಕೂದಲಿಗೆ ಏನೇನೋ ಹೆಸರಿಟ್ಟು ಕೂಗುವರು. ಕೂಗಿದವರ ನಾಲಿಗೆಗೆ ಬರೆ ಹಾಕಬೇಕು.

ಸುಧಾರಾಣಿ ಎಂದಿನಂತೆ ಗುಂಡಿ ಒತ್ತಿದಳು. ಚೆಂದ ಕಾಣಲೆಂದು ಕೂದಲನ್ನೂ ತಿದ್ದಿ ನೇರ ಮಾಡಿದಳು. ಫ್ಲೆಕ್ಸು ಬ್ಯಾಡಗಿಯ ಮಾರುಕಟ್ಟೆ ರಸ್ತೆಯಲ್ಲಿ ಏರಿತು. ಗಣಪಿ ಜೊತೆಯ ಹೆಂಗಸರನ್ನೆಲ್ಲ ಕರೆದುಕೊಂಡು ಮಗಳನ್ನು ತೋರಿಸಲು ಬಂದಳು. ಕೆಳಗೆ ನಿಂತು ಬಹಳ ಹೊತ್ತು ನೋಡಿ ಕೇಳಿದಳು: "ಇದರಾಗ ನನ್ನ ಮಗಳು ಎಲ್ಲದಾಳ?"

ಹೆಂಗಸರು ನಕ್ಕರು. ಅಲ್ಲೇ ಇದ್ದ ರೋಹಿಣಿ ನಗಲಿಲ್ಲ. "ಗೆದ್ದಾಕಿ ನಾನು, ಹಾಕಿದ್ದು ಬ್ಯಾರೇದಾಕಿನ್ನ. ಆಕೀಗೇ ಹಾರ ಹಾಕ್ರಿ," ಎಂದು ಪೈಲ್ವಾನರಿಗೆ ಹೇಳಿ ಮನೆ ಸೇರಿದಳು. ಸನ್ಮಾನವೂ ಬೇಡ, ಇನ್ನು ಕುಸ್ತಿಯೂ ಬೇಡ ಅಂದಳಂತೆ.

ಮಾಲತೇಶಪ್ಪ ಬಂದು ಇದನ್ನು ಹೇಳಿದಾಗ ಸುಧಾರಾಣಿ ವಾದ ಮಾಡಲಿಲ್ಲ. "ಅಂಗಡಿ ನೋಡಕೋರಿ ನೀಲಕ್ಕಾ," ಎಂದು ಅವರ ಬೈಕ್ ಹತ್ತಿ ಬ್ಯಾಡಗಿಗೆ ಹೋದಳು. ರೋಹಿಣಿಯ ಹೊಸ್ತಿಲಲ್ಲಿ ಕುಳಿತು ತನ್ನ ಫೋಟೋದ ಕಥೆ ಹೇಳಿದಳಂತೆ.

"ನಿಮಗೂ ಹಂಗ ಮಾಡ್ಯಾರೇನ್ರಿ?" ಎಂದಳು ಹುಡುಗಿ.

"ಮಾಡಿದಾಕಿ ನಾನ. ಅವ್ರು ಬರೇ ಅವಲಕ್ಕಿ ತಿಂದ್ರು."

ಮರುದಿನ ರೋಹಿಣಿ ಅಂಗಡಿಗೆ ಬಂದಳು. ಗುಂಡಿ ಒತ್ತದೆ ಮಾದರಿ ಪ್ರಿಂಟು ತೆಗೆದರೆ ಕಣ್ಣು, ಕೆನ್ನೆ, ಕೂದಲು ಎಲ್ಲ ಕಲಸಿ ಒಂದೇ ಮಸಿ. ಹುಡುಗಿ ಎದ್ದು ನಿಂತಳು. "ನೋಡ್ರಿ, ನನ್ನ ಮಾರಿನ ಹಂಗ."

"ನಿನ್ನ ಮಾರಿ ಚಲೋ ಐತಿ, ಕುಂದರು. ನನಗ ಬರವಲ್ದು. ಇಷ್ಟ ವರ್ಷ ಎಲ್ಲಾರನ್ನೂ ಬೆಳ್ಳಗ ಮಾಡಕೋತ ಬಂದೇನಿ, ಕಪ್ಪು ಬಣ್ಣ ಇದ್ದಂಗ ಪ್ರಿಂಟ್ ಮಾಡೂದು ಕಲತೇ ಇಲ್ಲ."

ಆ ಮಾತು ಕೇಳಿ ನಾನು ಹೊಲಿಗೆ ಬಿಟ್ಟು ಎದ್ದೆ. ನನ್ನ ಅರಿಶಿನ ಬಣ್ಣದ ಸೀರೆಯೊಂದನ್ನು ಒಯ್ದು ಹುಡುಗಿಯ ಹಿಂದೆ ಪರದೆಯಂತೆ ಕಟ್ಟಿದೆ. ಸುಧಾರಾಣಿ ಹುಡುಗಿಯನ್ನು ಬಾಗಿಲ ತಂಪು ಬೆಳಕಿನಲ್ಲಿ ಕೂರಿಸಿ ಹೊಸ ಫೋಟೋ ತೆಗೆದಳು. ಕಪ್ಪು ಇಂಕು ಇಳಿಸಿದಳು, ಕೆಂಪು ಹಳದಿ ಏರಿಸಿದಳು, ಚೂರು ಚೂರೇ ಮಾದರಿ ತೆಗೆದು ರೋಹಿಣಿಯ ತೋಳಿಗೆ ಹಿಡಿದು ನೋಡಿದಳು. ಸಂಜೆಯ ಹೊತ್ತಿಗೆ ಕೆನ್ನೆಯ ಹೊಳಪು ಬಂತು, ಗುಂಗುರು ಒಂದೊಂದಾಗಿ ಬಿಡಿಸಿಕೊಂಡವು. ರೋಹಿಣಿ ಆ ಚೂರನ್ನು ಜೇಬಿಗೆ ಹಾಕಿಕೊಂಡಳು.

ಭಾನುವಾರ ಹಳೆಯದರ ಜಾಗದಲ್ಲಿ ಹೊಸ ಫ್ಲೆಕ್ಸು ಏರಿತು. ಗಣಪಿ ರಸ್ತೆಯ ಆ ತುದಿಯಿಂದಲೇ "ನಮ್ಮ ರೋಹಿಣೀ!" ಎಂದು ಕೂಗಿದಳು. ಓಡಿ ಬಂದು ಕಂಬದ ಕೆಳಗೆ ನೆಟಿಗೆ ಮುರಿದಳು. ರೋಹಿಣಿ ಆ ಫ್ಲೆಕ್ಸಿನ ಕೆಳಗೇ ನಿಂತು ಹಾರ ಹಾಕಿಸಿಕೊಂಡಳು. ಮರುದಿನ ಬೆಳಗ್ಗೆ ಗರಡಿಗೂ ಹೋದಳು. ನಾನಂತೂ ಅತ್ತುಬಿಟ್ಟೆ, ಯಾಕೆ ಸುಳ್ಳು ಹೇಳಲಿ.

ಸುಧಾರಾಣಿ ಆ ಗುಂಡಿ ತೆಗೆದುಹಾಕಿದ್ದಾಳೆ. ಈಗ ಗಿರಾಕಿಗೆ ಮೊದಲಿಗೇ ಅವರವರ ಬಣ್ಣದಲ್ಲೇ ಮಾದರಿ ತೆಗೆದು ತೋರಿಸುತ್ತಾಳೆ. ಕೆಲವರು ಮುಖ ಗಂಟಿಕ್ಕಿ ಎದುರಿನ ಅಂಗಡಿಗೆ ಹೋಗುತ್ತಾರೆ. ಕದರಮಂಡಲಗಿಯ ಮದುಮಗಳೊಬ್ಬಳು ಮಾತ್ರ ಅಪ್ಪನ ಎದುರೇ "ನಾ ಇದ್ದಂಗ ಇರಲಿ" ಅಂದಳು.

ಮೊನ್ನೆ ಪೈಲ್ವಾನರ ಜೊತೆ ನಾವಿಬ್ಬರೂ ಗಣಪಿಯ ಮನೆಗೆ ಹೋಗಿದ್ದೆವು. ಹೊಸ ಫ್ಲೆಕ್ಸು ಒಳಗೆ ಇಡೀ ಗೋಡೆ ತುಂಬಿಕೊಂಡಿತ್ತು. ಅಂಗಳದಲ್ಲಿ ಹಳೆಯದನ್ನು ಹಾಸಿ ಮನೆ ಖರ್ಚಿನ ಮೆಣಸಿನಕಾಯಿ ಒಣಹಾಕಿದ್ದಳು. ಹಳೆಯದು ಅಲ್ಲಲ್ಲಿ ಹರಿದಿತ್ತು.

"ಹೊಸಾದನ್ನ ಹಾಸಬೇಕಿತ್ತಬೇ, ಅದು ಗಟ್ಟಿ ಐತಿ," ಎಂದರು ಮಾಲತೇಶಪ್ಪ.

ಗಣಪಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನನ್ನ ಮಗಳ ಮಾರಿ ಮ್ಯಾಗ ಮೆಣಸಿನಕಾಯಿ ಒಣಹಾಕ್ಲೇನ್ರಿ? ಇಕಿ ಯಾರ ಮಗಳೋ ಏನೋ, ಕೇಳಾಕ ಯಾರೂ ಬಂದಿಲ್ಲ."